ನಂಬಿಕೆಯೂ ಎಚ್ಚರವೂ

ಪರಿಚಿತರು ಕಳುಹಿಸಿದ ವಸ್ತುವನ್ನು ಪರೀಕ್ಷಿಸಿ ನೋಡುವುದು ಅವರಿಗೆ ಮಾಡುವ ಅವಮಾನವೇ? ಮೇಲ್ನೋಟಕ್ಕೆ ಇದು ಚಿಕ್ಕ ಪ್ರಶ್ನೆ. ಆದರೆ ಊರು ಬಿಟ್ಟು ಬಂದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆ ನಿಂತ ನಮ್ಮಂಥವರಿಗೆ ಇದು ಬದುಕಿನ ಬೇರನ್ನೇ ಮುಟ್ಟುವ ಪ್ರಶ್ನೆ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಈ ಮಹಾನಗರಕ್ಕೆ ಬಂದಿಳಿದಾಗ ಅವರ ಕೈಯಲ್ಲಿದ್ದ ಆಸ್ತಿಯೆಂದರೆ ಊರಿನವರೊಬ್ಬರ ವಿಳಾಸ ಬರೆದ ಒಂದು ಚೀಟಿ ಮಾತ್ರ. ಆ ಚೀಟಿಯನ್ನು ನಂಬಿ ಹೋಟೆಲಿನಲ್ಲಿ ಕೆಲಸ ಕೊಟ್ಟವರಿದ್ದರು, ತಮ್ಮ ಖೋಲಿಯಲ್ಲಿ ಮಲಗಲು ಜಾಗ ಕೊಟ್ಟವರಿದ್ದರು. ಭಜನಾ ಮಂಡಳಿ, ಯಕ್ಷಗಾನ ಮಂಡಳಿ, ಕನ್ನಡ ಸಂಘ ಇವೆಲ್ಲ ಹಣದ ಬಲದಿಂದ ನಿಂತವು ಎನ್ನುವುದಕ್ಕಿಂತ ಪರಸ್ಪರ ನಂಬಿಕೆಯ ಬಲದಿಂದ ನಿಂತವು ಎನ್ನುವುದೇ ಸರಿ. ಇಂಥ ಪರಂಪರೆಯ ನಾವು, "ನಮ್ಮವರೇ ಕಳಿಸಿದ್ದು" ಎಂಬ ಮಾತಿನ ಮುಂದೆ ಸಂಶಯಪಡಲು ನಾಚುತ್ತೇವೆ. ಈ ನಾಚಿಕೆ ಸದ್ಗುಣದಿಂದಲೇ ಹುಟ್ಟಿದ್ದು. ಆದರೆ ಅದನ್ನೇ ಏಣಿ ಮಾಡಿಕೊಂಡು ಮನೆಯೊಳಗೆ ಇಳಿಯುವ ಕಳ್ಳನೊಬ್ಬ ಈಚಿನ ದಶಕಗಳಲ್ಲಿ ಹುಟ್ಟಿಕೊಂಡಿದ್ದಾನೆ. ಅವನ ವಿಚಾರವಾಗಿಯೂ ಅವನಿಂದಾಗಿ ನಮ್ಮ ಮುಂದೆ ಬಂದು ನಿಂತಿರುವ ಧರ್ಮಸೂಕ್ಷ್ಮದ ವಿಚಾರವಾಗಿಯೂ ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಕಂಪ್ಯೂಟರ್ ಇಲ್ಲವೇ ಮೊಬೈಲಿನೊಳಗೆ ಯಜಮಾನನ ಅರಿವಿಗೆ ಬಾರದಂತೆ ಹೊಕ್ಕು ಕೇಡು ಮಾಡುವ ತಂತ್ರಾಂಶಕ್ಕೆ ಕನ್ನಡದಲ್ಲಿ 'ಕುತಂತ್ರಾಂಶ' ಎಂಬ ಒಪ್ಪುವ ಹೆಸರು ಬಳಕೆಗೆ ಬಂದಿದೆ. ಜನರ ಬಾಯಲ್ಲಿ ಅದೆಲ್ಲವೂ 'ವೈರಸ್'. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ಬರೆದ 'ಬ್ರೈನ್' ಎಂಬುದು ಫ್ಲಾಪಿ ತಟ್ಟೆಗಳ ಮೂಲಕ ದೇಶದೇಶಗಳನ್ನು ಸುತ್ತಿತು. ತಮ್ಮ ತಂತ್ರಾಂಶವನ್ನು ಕದ್ದು ನಕಲು ಮಾಡುವವರನ್ನು ತಡೆಯಲು ಹಾಗೆ ಮಾಡಿದೆವೆಂದು ಅವರು ಹೇಳಿಕೊಂಡರು. ಅದರೊಳಗೆ ತಮ್ಮ ವಿಳಾಸವನ್ನೂ ಟೆಲಿಫೋನ್ ನಂಬರನ್ನೂ ಬರೆದಿಟ್ಟಿದ್ದರು. 1990ರಲ್ಲಿ ನಮ್ಮ ದೇಶದಲ್ಲೇ ಮೊದಲು ಕಾಣಿಸಿಕೊಂಡ 'ಜೋಶಿ' ಎಂಬ ವೈರಸ್ ಪ್ರತಿ ಜನವರಿ 5ರಂದು ಯಂತ್ರವನ್ನು ತಡೆದು ನಿಲ್ಲಿಸಿ, ಜೋಶಿಗೆ ಹುಟ್ಟುಹಬ್ಬದ ಶುಭಾಶಯ ಟೈಪು ಮಾಡಿದ ಮೇಲಷ್ಟೇ ಮುಂದಕ್ಕೆ ಬಿಡುತ್ತಿತ್ತು. ಅಲ್ಲಿಯ ತನಕ ಇದೊಂದು ಕಿಡಿಗೇಡಿತನ ಎಂದು ನಕ್ಕು ಸುಮ್ಮನಾಗಬಹುದಿತ್ತು. 2000ದ ಮೇ 4ರಂದು ಹರಡಿದ 'ಐ ಲವ್ ಯೂ' ಮಾತ್ರ ನಗುವ ಸಂಗತಿಯಾಗಿರಲಿಲ್ಲ. ಪ್ರೇಮಪತ್ರದ ವೇಷದಲ್ಲಿ ಈ‌ಮೈಲಿನಲ್ಲಿ ಬಂದ ಅದು, ತೆರೆದವನ ಕಡತಗಳನ್ನು ಕೆಡಿಸಿ, ಅವನ ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ ಅವನ ಹೆಸರಿನಲ್ಲೇ ತನ್ನ ಪ್ರತಿಯನ್ನು ಕಳುಹಿಸುತ್ತಿತ್ತು.

ಇಷ್ಟರಿಂದಲೇ ಒಂದು ಅಂಶ ಸ್ಪಷ್ಟವಾಗುತ್ತದೆ. ಕುತಂತ್ರಾಂಶ ಬಾಗಿಲು ಒಡೆದು ಬರುವುದಕ್ಕಿಂತ ಹೆಚ್ಚಾಗಿ ನಾವೇ ತೆಗೆದ ಬಾಗಿಲಿನಿಂದ ಒಳಗೆ ಬರುತ್ತದೆ. ಅದು ಬರುವುದು ಗೆಳೆಯನ ಫ್ಲಾಪಿಯಲ್ಲಿ, ಸಹೋದ್ಯೋಗಿಯ ಪತ್ರದಲ್ಲಿ, ಬಂಧುವಿನ ಸಂದೇಶದಲ್ಲಿ. ಅದರ ನಿಜವಾದ ವಾಹನ ವಿದ್ಯುತ್ತಲ್ಲ, ವಿಶ್ವಾಸ.

ಇದಕ್ಕೆ ದೊಡ್ಡ ನಿದರ್ಶನ ನಮ್ಮ ನೆರೆಯಲ್ಲೇ ಇದೆ. ನವಿಮುಂಬಯಿಯಿಂದ ಉರಣದತ್ತ ಹೋಗುವಾಗ ಸಾಲುಸಾಲಾಗಿ ಸಾಗುವ ಕಂಟೇನರ್ ಲಾರಿಗಳನ್ನು ನೋಡದವರು ನಮ್ಮಲ್ಲಿ ಕಡಿಮೆ. ಅವು ಹೋಗುವುದು ನ್ಹಾವಾ ಶೇವಾದಲ್ಲಿ 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ಬಂದರಿಗೆ. 2017ರ ಜೂನ್ 27ರ ಮಂಗಳವಾರ ಆ ಬಂದರಿನ ಟರ್ಮಿನಲ್‌ಗಳಲ್ಲೊಂದಾದ ಗೇಟ್‌ವೇ ಟರ್ಮಿನಲ್ಸ್ ಇಂಡಿಯಾದ ಕಂಪ್ಯೂಟರ್‌ಗಳು ಕೈಕೊಟ್ಟವು. ಯಾವ ಪೆಟ್ಟಿಗೆ ಎಲ್ಲಿದೆ, ಯಾವುದು ಯಾವ ಹಡಗಿಗೆ ಎಂಬುದನ್ನೆಲ್ಲ ಕಂಪ್ಯೂಟರೇ ಹೇಳಬೇಕಾದ ಕಡೆ ಅದು ಮೂಕವಾದರೆ ಕ್ರೇನೂ ನಿಂತಿತು, ಲಾರಿಯೂ ನಿಂತಿತು. ಹಡಗುಗಳನ್ನು ಬಂದರಿನ ಬೇರೆ ಟರ್ಮಿನಲ್‌ಗಳಿಗೆ ತಿರುಗಿಸಬೇಕಾಯಿತು, ಕೆಲಸವನ್ನು ಕೈಯಿಂದ ಮಾಡುವ ಪ್ರಯತ್ನ ನಡೆಯಿತು.

ಈ ಟರ್ಮಿನಲನ್ನು ನಡೆಸುತ್ತಿದ್ದುದು ಡೆನ್ಮಾರ್ಕಿನ ಮೇರ್ಸ್ಕ್ ಸಮೂಹದ ಸಂಸ್ಥೆ. ರೋಗ ಹೊರಟದ್ದು ಅಲ್ಲಿಯೂ ಅಲ್ಲ, ಯುಕ್ರೇನಿನಲ್ಲಿ. ಅಲ್ಲಿ ತೆರಿಗೆಯ ಲೆಕ್ಕಪತ್ರಕ್ಕಾಗಿ ಸಾವಿರಾರು ಸಂಸ್ಥೆಗಳು ಬಳಸುತ್ತಿದ್ದ 'ಎಂ.ಇ.ಡಾಕ್' ಎಂಬ ತಂತ್ರಾಂಶವಿತ್ತು. ಅದನ್ನು ತಯಾರಿಸುವವರ ಸರ್ವರನ್ನು ದಾಳಿಕಾರರು ವಶಪಡಿಸಿಕೊಂಡು, ಅದರ ಹೊಸ ಆವೃತ್ತಿ ಹೋಗುವ ದಾರಿಯಲ್ಲೇ ವಿಷ ಬೆರೆಸಿದರು. 'ನಾಟ್‌ಪೆಟ್ಯಾ' ಎಂದು ಹೆಸರಾದ ಈ ಕುತಂತ್ರಾಂಶ ಪರದೆಯ ಮೇಲೆ 300 ಡಾಲರ್ ಒತ್ತೆಹಣ ಕೇಳುತ್ತಿತ್ತು. ಆದರೆ ಕೊಟ್ಟವರಿಗೂ ಕಡತ ಮರಳಿ ಸಿಗುವ ವ್ಯವಸ್ಥೆ ಅದರಲ್ಲಿರಲಿಲ್ಲ. 2018ರ ಫೆಬ್ರವರಿಯಲ್ಲಿ ಅಮೆರಿಕ ಮತ್ತು ಬ್ರಿಟನ್ ಸರಕಾರಗಳು ಇದರ ಹೊಣೆಯನ್ನು ರಷ್ಯಾದ ಸೈನ್ಯದ ಮೇಲೆ ಹೊರಿಸಿದವು, ರಷ್ಯಾ ಅಲ್ಲಗಳೆಯಿತು. ಅದೇನೇ ಇರಲಿ, ಯಾವುದೋ ಎರಡು ದೇಶಗಳ ವೈರ ಉರಣದ ರಸ್ತೆಯಲ್ಲಿ ನಿಂತ ಲಾರಿ ಚಾಲಕನ ಆ ದಿನದ ದುಡಿಮೆಯನ್ನು ಕೆಡಿಸಿತು. ಅವನು ಯಾವ ಕಂಪ್ಯೂಟರನ್ನೂ ಮುಟ್ಟಿದವನಲ್ಲ.

ಇಲ್ಲಿ ಇನ್ನೊಂದು ವಿವರವನ್ನು ಗಮನಿಸಬೇಕು. ನಾಟ್‌ಪೆಟ್ಯಾ ಒಂದು ಯಂತ್ರದಿಂದ ಇನ್ನೊಂದಕ್ಕೆ ಹಾರಲು ಬಳಸಿದ ರಂಧ್ರಗಳಲ್ಲಿ ಒಂದು ವಿಂಡೋಸ್‌ನಲ್ಲಿತ್ತು. ಮೈಕ್ರೋಸಾಫ್ಟ್ ಆ ರಂಧ್ರಕ್ಕೆ 2017ರ ಮಾರ್ಚ್ 14ರಂದೇ ತೇಪೆ ಹೊರಡಿಸಿತ್ತು. ಮೇ 12ರಂದು ಅದೇ ರಂಧ್ರದ ಮೂಲಕ 'ವನ್ನಾಕ್ರೈ' ಎಂಬ ಮತ್ತೊಂದು ಕುತಂತ್ರಾಂಶ ಜಗತ್ತಿನ ತುಂಬ ಹಾವಳಿ ಎಬ್ಬಿಸಿತ್ತು. ಅಂದರೆ ಮದ್ದು ಸಿದ್ಧವಾಗಿ ಮೂರು ತಿಂಗಳು ಕಳೆದಿತ್ತು, ಎಚ್ಚರಿಕೆಯ ಗಂಟೆ ಬಾರಿಸಿ ಆರು ವಾರ ಆಗಿತ್ತು. ಆದರೂ ತೇಪೆ ಹಾಕದ ಯಂತ್ರಗಳು ಎಲ್ಲೆಡೆ ಉಳಿದಿದ್ದವು. ತೇಪೆ ಹಾಕಿದ ಯಂತ್ರಗಳಾದರೂ ಬಚಾವಾದವೇ ಎಂದರೆ, ಅದೂ ಇಲ್ಲ. ತೇಪೆಯಿಲ್ಲದ ಒಂದು ಯಂತ್ರದೊಳಗೆ ಹೊಕ್ಕ ಕುತಂತ್ರಾಂಶ ಅದರ ನೆನಪಿನಲ್ಲಿದ್ದ ಪಾಸ್‌ವರ್ಡುಗಳನ್ನು ಕದ್ದು, ಅವುಗಳಿಂದ ನೆರೆಯ ಭದ್ರವಾದ ಯಂತ್ರಗಳ ಬೀಗವನ್ನೂ ತೆಗೆಯುತ್ತಿತ್ತು. ಒಬ್ಬ ಅಲಕ್ಷ್ಯ ಮಾಡಿದರೆ ಎಚ್ಚರದಿಂದಿದ್ದ ನೆರೆಯವನಿಗೂ ರಕ್ಷಣೆಯಿಲ್ಲ. ಹೌಸಿಂಗ್ ಸೊಸೈಟಿಗಳಲ್ಲಿ ಬದುಕುವ ನಮಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಒಬ್ಬರ ಮನೆಯ ನಲ್ಲಿ ಸೋರಿದರೆ ಒದ್ದೆಯಾಗುವುದು ಕೆಳಗಿನ ಮನೆಯ ಸೂರು.

ಹೊಸ ಆವೃತ್ತಿಯ ಮೂಲಕವೇ ವಿಷ ಬಂದಿರುವಾಗ, ಅದನ್ನು ಹಾಕಿಕೊಳ್ಳದಿರುವುದೇ ಕ್ಷೇಮವಲ್ಲವೇ ಎಂದು ಕೆಲವರು ಕೇಳಬಹುದು. ಕುಡಿಯುವ ನೀರಿನಲ್ಲಿ ಒಮ್ಮೆ ಕೊಳೆ ಸೇರಿತೆಂದು ನೀರು ಕುಡಿಯುವುದನ್ನೇ ಬಿಟ್ಟವರುಂಟೇ? ವಿಷ ಒಳಹೊಕ್ಕದ್ದು ಒಂದು ತಂತ್ರಾಂಶದ ಆವೃತ್ತಿಯಿಂದ ನಿಜ. ಅದು ಕಾಡ್ಗಿಚ್ಚಾದದ್ದು ಇನ್ನೊಂದು ತಂತ್ರಾಂಶದ ತೇಪೆಯನ್ನು ಹಾಕಿಕೊಳ್ಳದವರಿಂದ. ಮೊದಲನೆಯದನ್ನು ತಡೆಯುವುದು ನಮ್ಮ ಕೈಯಲ್ಲಿರಲಿಲ್ಲ, ಎರಡನೆಯದು ಇತ್ತು. ಮನುಷ್ಯನ ಕರ್ತವ್ಯ ಶುರುವಾಗುವುದು ಅವನ ಕೈಯಲ್ಲಿರುವುದರಿಂದ.

"ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಕದಿಯುವಂಥದ್ದು ಏನಿದೆ?" ಎಂಬುದು ಸರ್ವೇಸಾಮಾನ್ಯವಾದ ಇನ್ನೊಂದು ಮಾತು. ಇದಕ್ಕೆ ಉತ್ತರ ಸರಳವಾಗಿದೆ. ಅದರಲ್ಲಿ ನಮ್ಮದು ಏನೂ ಇಲ್ಲದಿರಬಹುದು, ಇತರರದು ಬಹಳಷ್ಟಿದೆ. ಮೊಬೈಲಿನಲ್ಲಿ ನಮ್ಮನ್ನು ನಂಬಿ ಕೊಟ್ಟ ನೂರಾರು ಜನರ ನಂಬರುಗಳಿವೆ. ಸೊಸೈಟಿಯ ಕಾರ್ಯದರ್ಶಿಯ ಕಂಪ್ಯೂಟರಿನಲ್ಲಿ ಸದಸ್ಯರ ಆಧಾರ್, ಪ್ಯಾನ್ ಕಾರ್ಡುಗಳ ನಕಲುಗಳಿವೆ. ಹೋಟೆಲಿನ ಗಲ್ಲಾದ ಪಕ್ಕದ ಕಂಪ್ಯೂಟರಿನಲ್ಲಿ ನೌಕರರ ಸಂಬಳದ ವಿವರವಿದೆ. ಸಂಘದ ಕಚೇರಿಯಲ್ಲಿ ವಿದ್ಯಾರ್ಥಿವೇತನ ಕೇಳಿ ಬರೆದ ಬಡವರ ಅರ್ಜಿಗಳಿವೆ. ಒಬ್ಬರು ನಂಬಿ ನಮ್ಮಲ್ಲಿ ಇಟ್ಟುಹೋದ ಒಡವೆಯನ್ನು ಹಿರಿಯರು 'ನ್ಯಾಸ' ಎನ್ನುತ್ತಿದ್ದರು. ನ್ಯಾಸವನ್ನು ಸ್ವಂತದ್ದಕ್ಕಿಂತ ಹೆಚ್ಚು ಜೋಪಾನ ಮಾಡಬೇಕೆಂಬುದು ನಮ್ಮ ಮನೆಗಳಲ್ಲಿ ಯಾರೂ ಹೇಳಿಕೊಡದೆ ಬಂದ ನೀತಿ. ಸ್ವಂತದ್ದನ್ನು ಕಳೆದುಕೊಳ್ಳುವ ಸ್ವಾತಂತ್ರ್ಯ ನಮಗೆ ಇರಬಹುದು. ನ್ಯಾಸವನ್ನು ಕಳೆಯುವ ಸ್ವಾತಂತ್ರ್ಯ ಇಲ್ಲ. ಆದುದರಿಂದ ಕಂಪ್ಯೂಟರಿನ ಬಗೆಗಿನ ಎಚ್ಚರ ಬರಿಯ ಸ್ವಾರ್ಥದ ಜಾಣತನವಲ್ಲ, ನಮ್ಮನ್ನು ನಂಬಿದವರಿಗೆ ನಾವು ಸಲ್ಲಿಸಬೇಕಾದ ಋಣ ಎಂಬುದು ನಮ್ಮ ಅಭಿಪ್ರಾಯ.

ಈಗ ಆರಂಭದ ಪ್ರಶ್ನೆಗೆ ಬರೋಣ. ಈಚಿನ ವರ್ಷಗಳಲ್ಲಿ ವಾಟ್ಸಾಪ್‌ನಲ್ಲಿ ಮದುವೆಯ ಕರೆಯೋಲೆಯ ಹೆಸರಿನಲ್ಲಿ ಒಂದು ಕಡತ ಬರುವುದುಂಟು. 2024ರ ನವೆಂಬರಿನಲ್ಲಿ ಕೆಲವು ರಾಜ್ಯಗಳ ಪೊಲೀಸರು ಇದರ ಬಗ್ಗೆ ಸಾರ್ವಜನಿಕರನ್ನು ಎಚ್ಚರಿಸಿದ್ದರು. ಕಡತದ ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂಬ ಮೂರು ಅಕ್ಷರಗಳಿದ್ದರೆ ಅದು ಕರೆಯೋಲೆಯಲ್ಲ, ಆಂಡ್ರಾಯ್ಡ್ ಮೊಬೈಲಿನಲ್ಲಿ ಹೊಸ ಆ್ಯಪನ್ನು ಸ್ಥಾಪಿಸುವ ಪೊಟ್ಟಣ. ತೆರೆದು ಅದು ಕೇಳುವ ಅನುಮತಿಗಳನ್ನೆಲ್ಲ ಕೊಟ್ಟರೆ, ಬ್ಯಾಂಕಿನಿಂದ ಬರುವ ಒಟಿಪಿಗಳನ್ನು ಅದು ಕಳ್ಳನಿಗೆ ತಲುಪಿಸುತ್ತದೆ. ನಮ್ಮ ಹೆಸರಿನಲ್ಲೇ ನಮ್ಮ ಬಂಧುಗಳಿಗೂ ಹೋಗುತ್ತದೆ. ಸಂಚಾರ ಪೊಲೀಸರ ದಂಡದ ಚೀಟಿ, ಬ್ಯಾಂಕಿನ ಕೆವೈಸಿ, ವಿದ್ಯುತ್ ಬಿಲ್ಲು ಮುಂತಾದ ವೇಷಗಳೂ ಇದಕ್ಕುಂಟು. ಮದುವೆಯ ಕರೆಯೋಲೆಯನ್ನು ಸಂಶಯಿಸುವುದೆಂದರೆ ನಮ್ಮ ಸಂಸ್ಕೃತಿಗೆ ಒಗ್ಗದ ಮಾತು. ಕಳ್ಳನಿಗೆ ಇದು ಚೆನ್ನಾಗಿ ಗೊತ್ತು.

ಇಲ್ಲಿ ಮಹಾಭಾರತದ ಅರಗಿನ ಮನೆಯ ಪ್ರಸಂಗವನ್ನು ನೆನೆಯಬಹುದು. ವಾರಣಾವತದಲ್ಲಿ ಪಾಂಡವರಿಗೆ ಕಟ್ಟಿಸಿಕೊಟ್ಟ ಮನೆ ದೊಡ್ಡಪ್ಪನ ಕಡೆಯಿಂದ ಬಂದ ಉಡುಗೊರೆ. ವಿದುರ ಗೂಢವಾದ ಮಾತಿನಲ್ಲಿ ಎಚ್ಚರಿಸಿದ್ದ. ಧರ್ಮರಾಜ ಉಡುಗೊರೆಯನ್ನು ತಿರಸ್ಕರಿಸಿ ಜಗಳಕ್ಕೆ ನಿಲ್ಲಲಿಲ್ಲ. ಕಣ್ಣು ಮುಚ್ಚಿ ನೆಮ್ಮದಿಯಾಗಿ ಮಲಗಲೂ ಇಲ್ಲ. ಗೋಡೆಯನ್ನು ಮೂಸಿ ಅರಗು ತುಪ್ಪಗಳ ವಾಸನೆ ಹಿಡಿದ, ವಿದುರ ಕಳಿಸಿದ ಗಣಿಕಾರನಿಂದ ಸುರಂಗ ತೋಡಿಸಿದ. ದೊಡ್ಡಪ್ಪನ ಮೇಲಿನ ಗೌರವ ಬೇರೆ, ಮನೆಯ ಗೋಡೆಯ ಪರೀಕ್ಷೆ ಬೇರೆ. ಧರ್ಮರಾಜನೆಂದು ಹೆಸರಾದವನೇ ಇವೆರಡನ್ನು ಬೇರೆ ಬೇರೆ ಇಟ್ಟು ನಡೆದನೆಂದ ಮೇಲೆ ನಾವು ಸಂಕೋಚಪಡುವುದೇಕೆ? ಬಂಧುವಿನ ಹೆಸರಿನಲ್ಲಿ ಬಂದ ಸಂದೇಶವನ್ನು ಪರೀಕ್ಷಿಸುವಾಗ ನಾವು ಸಂಶಯಿಸುವುದು ಬಂಧುವನ್ನಲ್ಲ, ಅದು ನಿಜವಾಗಿ ಅವರಿಂದಲೇ ಬಂದಿತೇ ಎಂಬುದನ್ನು. ಒಂದು ಫೋನ್ ಮಾಡಿ, "ಇದು ನೀವು ಕಳಿಸಿದ್ದೇ ಹೌದಾ?" ಎಂದು ಕೇಳಿದರೆ ಅವಮಾನವಾಗುವುದಿಲ್ಲ. ಅವರ ಹೆಸರನ್ನು ಕಳ್ಳ ಬಳಸುತ್ತಿದ್ದರೆ ಅದನ್ನು ಅವರಿಗೆ ತಿಳಿಸಿದ ಉಪಕಾರವೂ ಆಗುತ್ತದೆ.

ಅದೇ ಪ್ರಸಂಗದಲ್ಲಿ ಇನ್ನೊಂದು ಸಂಗತಿಯಿದೆ. ಕಥೆ ಹೇಳುವಾಗ ನಾವು ಅದನ್ನು ಬೇಗ ದಾಟಿಬಿಡುತ್ತೇವೆ. ತಿಳಿದವರು ಸುರಂಗದಿಂದ ಪಾರಾದರು. ಏನೂ ತಿಳಿಯದೆ ಆ ರಾತ್ರಿ ಅಲ್ಲಿ ಮಲಗಿದ್ದ ಬೇಡಿತಿಯೂ ಅವಳ ಐವರು ಮಕ್ಕಳೂ ಬೆಂದುಹೋದರು. ವ್ಯಾಸರು ಇದನ್ನು ಮುಚ್ಚಿಡಲಿಲ್ಲ. ತನ್ನ ಮಟ್ಟಿಗೆ ತಿಳಿದು ಪಾರಾಗುವುದು ಜಾಣತನವಾದೀತು; ತಿಳಿಯದವರನ್ನು ಬೆಂಕಿಯಲ್ಲಿ ಬಿಟ್ಟು ಪಾರಾಗುವುದು ಧರ್ಮವಾಗಲಾರದು. ಇಂದು ನಮ್ಮ ಮನೆಗಳಲ್ಲಿ ಮಕ್ಕಳು ಐರೋಲಿ, ಮಹಾಪೆಗಳ ಕಂಪೆನಿಗಳಲ್ಲಿ ಕಂಪ್ಯೂಟರ್ ವಿದ್ಯೆಯಿಂದಲೇ ಅನ್ನ ಸಂಪಾದಿಸುತ್ತಾರೆ. ಅದೇ ಮನೆಯಲ್ಲಿ ಅಜ್ಜಿ ಊರಿನಿಂದ ಬರುವ ಸಂದೇಶಕ್ಕಾಗಿ ಮೊಬೈಲನ್ನು ತಡಕಾಡುತ್ತಿರುತ್ತಾರೆ. ಹಿಂದೆ ಹಗಲಿಡೀ ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಅಕ್ಷರ ಕಲಿಸಿದುವು; ಅಕ್ಷರ ಬಲ್ಲವನು ಬಾರದವನಿಗೆ ಕಾಗದ ಓದಿ ಹೇಳುತ್ತಿದ್ದ, ಮನಿಯಾರ್ಡರ್ ಫಾರಂ ತುಂಬಿ ಕೊಡುತ್ತಿದ್ದ. ಈ ಹೊಸ ಅಕ್ಷರಕ್ಕೂ ಅಂಥ ಗುರುಗಳು ಬೇಕು. "ಅಷ್ಟೂ ಗೊತ್ತಾಗುವುದಿಲ್ಲವೇ?" ಎಂದು ಗದರಿದರೆ ಹಿರಿಯರು ಮುಂದಿನ ಬಾರಿ ಕೇಳುವುದೇ ಇಲ್ಲ. ಕೇಳದೆ ಒತ್ತಿಬಿಡುತ್ತಾರೆ.

ದಿನನಿತ್ಯದ ಅಭ್ಯಾಸಗಳು ಕಷ್ಟದವೇನಲ್ಲ. ಯಂತ್ರ ಕೇಳುವ ತೇಪೆಗಳನ್ನು ತಾನಾಗಿಯೇ ಹಾಕಿಕೊಳ್ಳುವಂತೆ ಇಟ್ಟು, ಆಗಾಗ ಯಂತ್ರವನ್ನು ಮುಚ್ಚಿ ತೆರೆಯಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದೆ. ಇನ್ನೂ ಅದನ್ನೇ ಬಳಸುವವರು ಮುಂದೇನೆಂದು ಯೋಚಿಸಬೇಕು. ಆ್ಯಪುಗಳನ್ನು ಮೊಬೈಲಿನ ಅಧಿಕೃತ ಅಂಗಡಿಯಿಂದಲೇ ಪಡೆಯಬೇಕು. ಟಾರ್ಚಿನ ಆ್ಯಪು ನಮ್ಮ ಸಂದೇಶಗಳನ್ನು ಓದುವ ಅನುಮತಿ ಕೇಳಿದರೆ ಏಕೆಂದು ಕೇಳಿಕೊಳ್ಳಬೇಕು. ಕಂಪ್ಯೂಟರಿನಲ್ಲಿ ಎಲ್ಲ ಅಧಿಕಾರವೂ ಇರುವ ಖಾತೆ ಒಂದಿರಲಿ, ದಿನದ ಕೆಲಸಕ್ಕೂ ಮಕ್ಕಳ ಆಟಕ್ಕೂ ಸಾಮಾನ್ಯ ಖಾತೆ ಬೇರೆ ಇರಲಿ. ಮನೆಗೆ ಬಂದವರಿಗೆಲ್ಲ ಕಪಾಟಿನ ಬೀಗದ ಕೈ ಕೊಡುವುದಿಲ್ಲವಷ್ಟೆ. ಸ್ಟೇಷನ್ ಬಳಿಯ ಝೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವನ್ನು ಪರೀಕ್ಷಿಸದೆ ತೆರೆಯಬಾರದು. ಬ್ಯಾಂಕಿಗೊಂದು, ಈ‌ಮೈಲಿಗೊಂದು ಪಾಸ್‌ವರ್ಡ್ ಬೇರೆ ಬೇರೆ ಇರಬೇಕು. ಫೋನಿನಲ್ಲಿ ಅಪರಿಚಿತರು ಹೇಳಿದರೆಂದು ನಮ್ಮ ಪರದೆಯನ್ನು ಅವರಿಗೆ ತೋರಿಸುವ ಆ್ಯಪನ್ನು ಎಂದಿಗೂ ಹಾಕಿಕೊಳ್ಳಬಾರದು.

ಕಳ್ಳ ಪ್ರತಿಯ ತಂತ್ರಾಂಶದ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ಹೋಟೆಲಿನಲ್ಲಿ ಒಂದು ಚಹಾದ ದುಡ್ಡು ಕೊಡದೆ ಎದ್ದು ಹೋಗಲಾರದವರೂ ಸಾವಿರಾರು ರೂಪಾಯಿಯ ತಂತ್ರಾಂಶವನ್ನು ಪುಕ್ಕಟೆ ಹಾಕಿಸಿಕೊಳ್ಳಲು ಹಿಂಜರಿಯುವುದಿಲ್ಲ. ಇಂಥ ಪ್ರತಿಗಳಲ್ಲಿ ಹಲವು, ವೈರಸ್ ತಡೆಯುವ ತಂತ್ರಾಂಶವನ್ನು ಮೊದಲು ಆರಿಸಿ ಎಂದು ಹೇಳಿಯೇ ಒಳಗೆ ಬರುತ್ತವೆ. ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆಗೆಯಿರಿ ಎನ್ನುವವನನ್ನು ಯಾರಾದರೂ ನಂಬುತ್ತಾರೆಯೇ? ಪತ್ರ ಬರೆಯಲು, ಲೆಕ್ಕ ಇಡಲು ಲಿಬ್ರೆ ಆಫೀಸ್‌ನಂಥ ನ್ಯಾಯವಾಗಿಯೇ ಪುಕ್ಕಟೆ ಸಿಗುವ ತಂತ್ರಾಂಶಗಳಿವೆ. ಪ್ರಾಮಾಣಿಕತೆ ಮತ್ತು ಕ್ಷೇಮ ಇಲ್ಲಿ ಒಂದೇ ದಾರಿಯಲ್ಲಿವೆ.

ಸುರಂಗವನ್ನೂ ಮರೆಯಬಾರದು. ಮುಖ್ಯ ಕಡತಗಳ, ಮನೆಯವರ ಭಾವಚಿತ್ರಗಳ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ತೆಗೆದು, ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ಕಪಾಟಿನಲ್ಲಿಡಬೇಕು. ಮೇರ್ಸ್ಕ್ ಕಂಪೆನಿಯೇ ಇದಕ್ಕೆ ಸಾಕ್ಷಿ. ಅದರ ಜಾಲದ ಖಾತೆಗಳ ಲೆಕ್ಕವಿದ್ದ ಸರ್ವರುಗಳೆಲ್ಲ ಅಳಿಸಿಹೋಗಿ, ಘಾನಾ ದೇಶದ ಕಚೇರಿಯಲ್ಲಿದ್ದ ಒಂದು ಮಾತ್ರ ಉಳಿಯಿತು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು. ಅದರ ಆಧಾರದಿಂದ ಜಾಲವನ್ನು ಮತ್ತೆ ಕಟ್ಟಿ, 4,000 ಸರ್ವರುಗಳನ್ನೂ 45,000 ಕಂಪ್ಯೂಟರುಗಳನ್ನೂ ಹತ್ತು ದಿನಗಳಲ್ಲಿ ಹೊಸದಾಗಿ ಸಜ್ಜುಗೊಳಿಸಿದ್ದನ್ನು ಅದರ ಅಧ್ಯಕ್ಷರು 2018ರಲ್ಲಿ ದಾವೋಸ್‌ನಲ್ಲಿ ಹೇಳಿದರು. ಅವರಿಗೆ ಅದೃಷ್ಟದಿಂದ ಸಿಕ್ಕಿದ್ದನ್ನು ನಾವು ಅಭ್ಯಾಸದಿಂದ ಪಡೆಯಬಹುದು.

ಇಷ್ಟೆಲ್ಲ ಮಾಡಿಯೂ ಮೋಸ ಹೋಗುವುದು ಸಾಧ್ಯ. ಆಗ ಅಪರಾಧಿ ಕಳ್ಳನೇ ಹೊರತು ಮೋಸ ಹೋದವನಲ್ಲ ಎಂಬುದನ್ನು ನೆನಪಿಡಬೇಕು. ನಾಚಿಕೆಯಿಂದ ಮುಚ್ಚಿಟ್ಟರೆ ಕಳ್ಳನಿಗೆ ಹೊತ್ತು ಸಿಗುತ್ತದೆ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯೂ, ಗ್ರಾಹಕನ ಅಲಕ್ಷ್ಯದಿಂದ ಆದ ನಷ್ಟವನ್ನು ಬ್ಯಾಂಕಿಗೆ ತಿಳಿಸುವ ತನಕ ಅವನೇ ಹೊರಬೇಕು, ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು ಎಂದಿತ್ತು. ಆದುದರಿಂದ ಮೊಬೈಲಿನ ಇಂಟರ್‌ನೆಟ್ ಕಡಿದು, ಬೇರೆ ಫೋನಿನಿಂದ ಬ್ಯಾಂಕಿಗೂ ಸರಕಾರದ 1930 ಸಹಾಯವಾಣಿಗೂ ತಕ್ಷಣ ತಿಳಿಸಬೇಕು. ಬಳಿಕ, "ನನ್ನ ಹೆಸರಿನಲ್ಲಿ ಬಂದದ್ದನ್ನು ತೆರೆಯಬೇಡಿ" ಎಂದು ಪರಿಚಿತರಿಗೆಲ್ಲ ಹೇಳಬೇಕು. ಹೀಗೆ ಹೇಳಿಕೊಳ್ಳಲು ಧೈರ್ಯ ಬೇಕು. ಹೇಳಿಕೊಂಡವರನ್ನು ನೋಡಿ ನಗದಿರುವ ಸೌಜನ್ಯ ಉಳಿದ ನಮಗೆ ಬೇಕು.

ಕುತಂತ್ರಾಂಶದ ಸಂದೇಶಗಳೆಲ್ಲ ಅವಸರ ಮಾಡುತ್ತವೆ. ಈಗಲೇ ಒತ್ತಿ, ಇಂದೇ ಕೊನೆಯ ದಿನ, ಇಲ್ಲವಾದರೆ ಖಾತೆ ಬಂದ್. ಆಸೆ, ಭಯ, ಅವಸರ ಈ ಮೂರರಲ್ಲಿ ಒಂದು ಇದ್ದೇ ಇರುತ್ತದೆ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಕಂಪ್ಯೂಟರ್ ಕಾಣದ ಜನ ಕಟ್ಟಿದರು. ಇಂದಿಗೂ ಇದಕ್ಕಿಂತ ಒಳ್ಳೆಯ ಮದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಂಬಿಕೆಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ನಂಬಿಕೆ ಹೋದರೆ ಈ ಪರನಾಡಿನಲ್ಲಿ ನಮಗೆ ಉಳಿಯುವುದು ಕಡಿಮೆ. ನಮ್ಮ ಹೆಸರಿನಲ್ಲಿ ಬಂದ ಸಂದೇಶವನ್ನು ನಾಲ್ಕು ಜನ ನಿಶ್ಚಿಂತೆಯಿಂದ ತೆರೆಯುವಂತಿರಬೇಕಾದರೆ, ನಮ್ಮ ಯಂತ್ರವನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವ ಹೊಣೆ ನಮ್ಮದು.